ಸೊನ್ನೆಯ ಸ್ಥಾನ ಗಣಪತಿಗೆ

ಪುಂಡರೀಕಾಕ್ಷ ಮಾಮನ ಬಗ್ಗೆ ಯಾರಾದರೂ ಕೆಟ್ಟದಾಗಿ ಮಾತಾಡಿದರೆ ನಾನು ಸುಮ್ಮನಿರುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಕೆಟ್ಟದಾಗಿ ಮಾತಾಡುವ ಹಕ್ಕು ಇದ್ದರೆ ಅದು ನನಗೊಬ್ಬಳಿಗೇ. ಮೂರು ತಿಂಗಳು, ದಿನಕ್ಕೆ ಎಂಟು ಗಂಟೆ, ಆ ಮನುಷ್ಯನ ಪಕ್ಕದ ಕುರ್ಚಿಯಲ್ಲಿ ಕೂತು ಹಲ್ಲು ಕಚ್ಚಿಕೊಂಡವಳು ನಾನು.

ನಾನು ಮಾನಸಿ. ಹುಟ್ಟಿ ಬೆಳೆದದ್ದು ಡೊಂಬಿವಲಿ, ಅಪ್ಪ ಅಮ್ಮ ಕಾರ್ಕಳದ ಕಡೆಯವರು. ಕೆಲಸ ತುರ್ಭೆಯಲ್ಲಿ, ಹೋಟೆಲುಗಳಿಗೆ ವೆಬ್ ಅಪ್ಲಿಕೇಶನ್ ಮಾಡಿಕೊಡುವ ಒಂದು ಸಣ್ಣ ಕಂಪನಿ. ಗಿರಾಕಿ ಟೇಬಲಿಗೆ ಬಂದು ಕೂತ, ವೇಟರ್ ಕೈಯಲ್ಲಿರುವ ಟ್ಯಾಬ್ ಒತ್ತಿದ, ಅಡುಗೆಮನೆಯ ಪರದೆಯ ಮೇಲೆ ಆರ್ಡರ್ ಬಂತು. ಇಷ್ಟೇ ವಿಷಯ. ಇದರಲ್ಲಿ ಕಣ್ಣಿಗೆ ಕಾಣುವುದೆಲ್ಲ, ಅಂದರೆ ಬಟನ್ನು, ಪಟ್ಟಿ, ಬಣ್ಣ, ನಮ್ಮ ಮೂವರ ಕೆಲಸ: ನಾನು, ಕಲ್ಯಾಣದ ಆಕಾಶ, ನೆರೂಳದ ರಿತೇಶ್. ನಮ್ಮ ಆಫೀಸಿನ ಕೆಳಗಡೆ ಮೆಣಸಿನಪುಡಿಯ ಗೋದಾಮು. ದಿನಕ್ಕೆ ಮೂವತ್ತು ಸಲ ಸೀನುತ್ತಾ ಕೋಡ್ ಬರೆಯುವ ತಂಡ ಈ ಭೂಮಿಯ ಮೇಲೆ ನಮ್ಮದೊಂದೇ ಇರಬೇಕು ಮಾರಾಯ್ರೆ.

ಮಾಮ ಬರುವ ಮೊದಲು ನಮ್ಮ ಕೋಡ್ ಹೇಗಿತ್ತು ಅಂತ ಹೇಳಿದರೆ ನನ್ನದೇ ಮರ್ಯಾದೆ ಹೋಗುತ್ತದೆ. ರಿತೇಶ್ ತನ್ನ ಫೈಲಿಗೆ ‘ಫೈನಲ್’ ಅಂತ ಹೆಸರಿಡುತ್ತಿದ್ದ. ಮರುದಿನ ‘ಫೈನಲ್ ಎರಡು’. ಆಮೇಲೆ ‘ಅಬ್ ಪಕ್ಕಾ ಫೈನಲ್’. ಅದಾದ ಮೇಲೆ ‘ಮಾನಸಿ ಮುಟ್ಟಬೇಡ’. ಸಾಲಿನ ಆರಂಭದಲ್ಲಿ ಆಕಾಶ ಎರಡು ಸ್ಪೇಸ್ ಬಿಡುತ್ತಿದ್ದ, ನಾನು ನಾಲ್ಕು. ಬೆಳಿಗ್ಗೆ ಬಂದವಳೇ ಅವನ ಫೈಲನ್ನೆಲ್ಲ ನಾಲ್ಕು ಮಾಡುತ್ತಿದ್ದೆ. ಮಧ್ಯಾಹ್ನ ಊಟದ ಡಬ್ಬಿ ಮುಗಿಸಿ ಅವನು ನನ್ನದನ್ನೆಲ್ಲ ಎರಡು ಮಾಡುತ್ತಿದ್ದ. ಇದಕ್ಕೆ ನಮ್ಮಿಬ್ಬರಿಗೂ ಸಂಬಳ ಬರುತ್ತಿತ್ತು. ‘ಉಳಿಸು’ ಬಟನ್ ಒಂದು ಪುಟದಲ್ಲಿ ಬಲಗಡೆ, ಇನ್ನೊಂದರಲ್ಲಿ ಎಡಗಡೆ, ಮೂರನೆಯದರಲ್ಲಿ ಎಲ್ಲಿದೆ ಅಂತ ದೇವರಿಗೇ ಗೊತ್ತು. ನೀಲಿ ಬಣ್ಣವೇ ಹದಿನೇಳು ನಮೂನೆ. ಕೊನೆಗೆ ನಾನೂ ಆಕಾಶನೂ ಮಾತು ಬಿಟ್ಟೆವು. ಹೇಳುವುದಿದ್ದರೆ ರಿತೇಶನ ಹತ್ತಿರ ಹೇಳಿ ಕಳಿಸುವುದು, ಅವನು ದಾರಿಯಲ್ಲಿ ತನ್ನದೂ ಒಂದೆರಡು ಸೇರಿಸಿ ಮುಟ್ಟಿಸುವುದು.

ಆ ಹೊತ್ತಿಗೆ ನಮ್ಮ ಮಾಲೀಕ ರಂಜನ್ ಸರ್ ಮಾಮನನ್ನು ಕರೆದುಕೊಂಡು ಬಂದರು. ಐವತ್ತನಾಲ್ಕು ವಯಸ್ಸು, ಗುಂಡಗಿನ ಮೈ, ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಉಡುಪಿಯ ಕಡೆಯವರು, ಥಾಣೆಯ ಒಂದು ವೆಜ್ ಹೋಟೆಲಿನ ಕೌಂಟರಿನಲ್ಲಿ ಇಪ್ಪತ್ತಾರು ವರ್ಷ ಕೂತವರು. ಕಟ್ಟಡ ಕೆಡವಿ ಹೊಸದು ಕಟ್ಟುವ ರೀಡೆವಲಪ್‌ಮೆಂಟಿಗೆ ಹೋಯಿತು, ಹೋಟೆಲ್ ಮುಚ್ಚಿತು. ಬೇರೆ ಯಾರಾದರೂ ಆಗಿದ್ದರೆ ಟೀವಿ ಮುಂದೆ ಕೂರುತ್ತಿದ್ದರು. ಇವರು ಡೊಂಬಿವಲಿ ಸ್ಟೇಷನ್ ಪಕ್ಕದ ಕಂಪ್ಯೂಟರ್ ಕ್ಲಾಸಿಗೆ ಸೇರಿ, ಹದಿನೆಂಟರ ಮಕ್ಕಳ ನಡುವೆ ಕೂತು, ಆರು ತಿಂಗಳು ವೆಬ್ ಪೇಜ್ ಮಾಡುವುದನ್ನು ಕಲಿತರು. ‘ಪುಂಡರೀಕಾಕ್ಷ’ ಅನ್ನಲಿಕ್ಕೆ ಆಕಾಶನ ನಾಲಗೆ ತಿರುಗದೆ ಮೊದಲ ದಿನವೇ ‘ಪುಂಡಿ ಅಂಕಲ್’ ಅಂದುಬಿಟ್ಟ. ಪುಂಡಿ ಅಂದರೆ ನಮ್ಮೂರಲ್ಲಿ ಅಕ್ಕಿಯ ಕಡುಬು ಅಂತ ಅವನಿಗೆ ಗೊತ್ತಿರಲಿಲ್ಲ. ನಾನು ಹೇಳಲಿಲ್ಲ. ನೋಡಲಿಕ್ಕೂ ಸರಿಯಾಗಿಯೇ ಇತ್ತು.

ರಂಜನ್ ಸರ್ ಎಲ್ಲರ ಎದುರಿಗೇ ಮಾಮನಿಗೆ ಹೇಳಿದರು, “ಭಟ್ರೇ, ಮೂರು ತಿಂಗಳು ಟ್ರಯಲ್. ಜಯಲತಕ್ಕನಿಗೆ ಥಾಣೆ, ಕಳವಾ, ನೆರೂಳ ಮೂರು ಕಡೆ ಹೋಟೆಲ್ ಉಂಟು. ಅವರು ನಮ್ಮ ಆ್ಯಪ್ ಒಪ್ಪಿದರೆ ನೀವು ಪರ್ಮನೆಂಟ್. ಒಪ್ಪದಿದ್ದರೆ ನನ್ನ ಕೈಯಲ್ಲಿ ಏನೂ ಇಲ್ಲ. ಈ ಮೂರು ಮಂಗಗಳಿಗೆ ಒಂದು ನಿಯಮ ಅಂತ ಮಾಡಿಕೊಡಿ, ಎಲ್ಲರೂ ಒಂದೇ ರೀತಿ ಬರೆಯುವ ಹಾಗೆ.”

ನನಗೆ ಮೈಯೆಲ್ಲ ಉರಿಯಿತು. ಹನ್ನೊಂದು ವರ್ಷ ಕೋಡ್ ಬರೆದವಳಿಗೆ ಇಡ್ಲಿ-ವಡೆ ಲೆಕ್ಕ ಹಾಕಿದವರು ನಿಯಮ ಹೇಳುವುದೇ? ಆದರೆ ಅದೇ ಸಂಜೆ ಥಾಣೆಯ ಹತ್ತನೇ ಪ್ಲಾಟ್‌ಫಾರ್ಮಿನಲ್ಲಿ ಇಳಿದು ಮೆಟ್ಟಿಲು ಹತ್ತುವಾಗ ಮಾಮ ಹೇಳಿದ ಮಾತು ಕೇಳಿ ಆ ಉರಿ ಇಳಿಯಿತು. “ಮಾನಸಿ, ನಮ್ಮ ಶ್ರೀಮತಿ ಭಜನಾ ಮಂಡಳಿಗೆಲ್ಲ ‘ಇವರು ಈಗ ಐಟಿಯಲ್ಲಿ’ ಅಂತ ಡಂಗುರ ಸಾರಿ ಆಗಿದೆ. ಇದೂ ಹೋದರೆ ಈ ವಯಸ್ಸಲ್ಲಿ ನನ್ನನ್ನು ಇನ್ಯಾರು ತಕ್ಕೊಳ್ತಾರೆ ಹೇಳು? ಮೂರು ತಿಂಗಳು ನನ್ನನ್ನು ಸ್ವಲ್ಪ ಸಹಿಸಿಕೋ ಮಾರಾಯ್ತಿ.” ಶ್ರೀಮತಿ ಅಂದರೆ ಅವರ ಹೆಂಡತಿ, ಹೆಸರೇ ಅದು.

ಸಹಿಸಿಕೊಂಡೆ. ಆದರೆ ಸುಲಭ ಅಂತ ತಿಳಿಯಬೇಡಿ.

ಮಾರನೆಯ ದಿನ ಮಾಮ ನಮ್ಮ ಎರಡು ಸ್ಪೇಸ್ ನಾಲ್ಕು ಸ್ಪೇಸ್ ಯುದ್ಧವನ್ನು ಅರ್ಧ ಗಂಟೆ ಕೈಕಟ್ಟಿ ನೋಡಿದರು. ಆಮೇಲೆ ಕೇಳಿದರು, “ಬಾಳೆಲೆಯಲ್ಲಿ ಉಪ್ಪು ಎಲ್ಲಿ ಬಡಿಸುತ್ತಾರೆ?”

“ಎಡಗಡೆ ಮೇಲೆ,” ಅಂದೆ.

“ಯಾಕೆ?”

“ಯಾಕೆ ಅಂದರೆ... ಅಲ್ಲೇ ಬಡಿಸುವುದು.”

“ಅಷ್ಟೇ. ಬಲಗಡೆ ಬಡಿಸಿದರೆ ಉಪ್ಪು ಸಿಹಿ ಆಗ್ತದಾ? ಇಲ್ಲ. ಆದರೆ ಎಲ್ಲರೂ ಒಂದೇ ಕಡೆ ಬಡಿಸುವುದರಿಂದ ಉಣ್ಣುವವನು ಕಣ್ಣು ಮುಚ್ಚಿ ಕೈ ಹಾಕಿದರೂ ಸಿಗ್ತದೆ. ಎರಡೋ ನಾಲ್ಕೋ, ಅದರಲ್ಲಿ ಏನೂ ಇಲ್ಲ. ಒಂದೇ ಆಗಬೇಕು. ಇವತ್ತಿನಿಂದ ಎರಡು.”

ಆಕಾಶ ಕುಣಿದುಬಿಟ್ಟ. ನಾನು ಎರಡು ದಿನ ಮಾಮನಿಗೆ ಗುಡ್ ಮಾರ್ನಿಂಗ್ ಹೇಳಲಿಲ್ಲ.

ಹೀಗೆ ಒಂದೊಂದೇ ನಿಯಮ ಹುಟ್ಟಿತು. ರಿತೇಶನ ಫೈಲುಗಳನ್ನು ನೋಡಿ ಮಾಮ, “ಜೀರಿಗೆ ಡಬ್ಬಿಯ ಮೇಲೆ ಜೀರಿಗೆ ಅಂತ ಬರೆಯುತ್ತಾರೆ. ‘ಅಬ್ ಪಕ್ಕಾ ಜೀರಿಗೆ’ ಅಂತ ಎಲ್ಲಾದರೂ ನೋಡಿದ್ದೀಯೇನಪ್ಪ?” ಅಂದರು. ತುಳು, ಕನ್ನಡ ಎರಡೂ ಅರ್ಥವಾಗುವ ರಿತೇಶ್ ಎಂದಿನಂತೆ ಹಿಂದಿಯಲ್ಲೇ “ಸಾರಿ ಅಂಕಲ್, ಕಲ್ ಸೆ ನಹೀ ಹೋಗಾ” ಅಂದ, ನಾಳೆಯಿಂದ ಹೀಗಾಗುವುದಿಲ್ಲ ಅಂತ. ಹದಿನೇಳು ನೀಲಿಯಲ್ಲಿ ಒಂದು ಉಳಿಯಿತು, ಹದಿನಾರು ಹೋಯಿತು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಒಪ್ಪಿಗೆ ಒತ್ತದೆ ಹೊರಗೆ ಬಿಡುವಂತಿಲ್ಲ. ಇದಕ್ಕೆ ಮಾಮ ಇಟ್ಟ ಹೆಸರು ‘ರುಚಿ ನೋಡುವುದು’. “ಅಡುಗೆಭಟ್ಟ ತಾನು ಮಾಡಿದ ಸಾರಿಗೆ ತಾನೇ ಸೈ ಅನ್ನಬಾರದು,” ಅಂತ. ಇನ್ನೊಂದು, ಗಿರಾಕಿಯ ಮುಂದೆ ಖಾಲಿ ತಟ್ಟೆ ಇಡಬಾರದು. ಅಂದರೆ ಪಟ್ಟಿಯಲ್ಲಿ ಯಾವ ಮನೆಯೂ ಖಾಲಿ ಕಾಣಬಾರದು, ಏನಾದರೂ ಒಂದು ಇರಲೇಬೇಕು. ಖಾಲಿ ಬಿಟ್ಟರೆ ಪ್ರೋಗ್ರಾಮೇ ಮುಂದೆ ಹೋಗದ ಹಾಗೆ ರಿತೇಶ್ ಒಂದು ಕಾವಲು ಹಾಕಿದ.

ಇನ್ನು ಆ ಗಣಪತಿ ನಿಯಮ. ಅದನ್ನು ಹೇಳದಿದ್ದರೆ ಈ ಕಥೆಯೇ ಇಲ್ಲ.

ಕಂಪ್ಯೂಟರ್ ಲೆಕ್ಕ ಶುರುಮಾಡುವುದು ಸೊನ್ನೆಯಿಂದ. ಮನುಷ್ಯರು ಒಂದರಿಂದ. ಆಕಾಶ ಟೇಬಲುಗಳನ್ನು ಸೊನ್ನೆಯಿಂದ ಎಣಿಸುತ್ತಿದ್ದ, ರಿತೇಶ್ ಒಂದರಿಂದ, ನಾನು ಮೂಡ್ ಇದ್ದ ಹಾಗೆ. ಪರಿಣಾಮ, ಐದನೇ ಟೇಬಲಿನ ಮಸಾಲೆದೋಸೆ ನಾಲ್ಕನೇ ಟೇಬಲಿಗೆ ಹೋಗುತ್ತಿತ್ತು. ಮಾಮ ಕೇಳಿದರು, “ಸೊನ್ನೆಯಲ್ಲಿ ಯಾರು ಕೂತುಕೊಳ್ತಾರೆ?” ಆಕಾಶ, “ಮೊದಲನೆಯವನು, ಅಂಕಲ್,” ಅಂದ. “ಮೊದಲನೆಯವನು ಸೊನ್ನೆ ಹೇಗಾಗ್ತಾನೆ? ನಮ್ಮ ಹೋಟೆಲಿನಲ್ಲಿ ಬೆಳಿಗ್ಗೆ ಇಳಿಸಿದ ಮೊದಲ ಕಾಫಿ ಕೌಂಟರಿನ ಮೇಲಿನ ಗಣಪತಿ ಫೋಟೋದ ಎದುರಿಗೆ. ಅದು ಯಾವ ಲೆಕ್ಕಕ್ಕೂ ಬರುವುದಿಲ್ಲ. ಗಿರಾಕಿ ಅದರ ನಂತರ. ಇಲ್ಲೂ ಹಾಗೇ ಮಾಡುವ. ಪ್ರತಿ ಪಟ್ಟಿಯಲ್ಲೂ ಸೊನ್ನೆಯ ಸ್ಥಾನ ಗಣಪತಿಗೆ, ಮನುಷ್ಯರೆಲ್ಲ ಒಂದರಿಂದ.”

ನಾವು ಮೂವರೂ ಬಿದ್ದು ಬಿದ್ದು ನಕ್ಕೆವು. ನಕ್ಕು, ಮಾಡಿ ನೋಡಿದೆವು. ದರಿದ್ರದ್ದು, ಸರಿಯಾಗಿ ಕೆಲಸ ಮಾಡಿತು! ಐದನೇ ಟೇಬಲಿನ ದೋಸೆ ಐದನೇ ಟೇಬಲಿಗೇ ಬಂತು. ದೇವರ ಸಾಲು ಪರದೆಯ ಮೇಲೆ ಕಾಣದ ಹಾಗೆ ಮುಚ್ಚಿಟ್ಟೆವು. ಮಾಮ ನಿಯಮಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಹೊಸ ಲೆಕ್ಕಪುಸ್ತಕಕ್ಕೆ ಹಚ್ಚುವ ಹಾಗೆ ನಾಲ್ಕು ಮೂಲೆಗೂ ಅರಿಸಿನ ಹಚ್ಚಿ ಗೋಡೆಗೆ ಅಂಟಿಸಿದರು. ನಾನೂ ಆಕಾಶನೂ ಮಾತಾಡಲು ಶುರುಮಾಡಿದೆವು. ಜಗಳವಾಡಲು ಕಾರಣವೇ ಉಳಿದಿರಲಿಲ್ಲ, ಏನು ಮಾಡುವುದು.

ಜಯಲತಕ್ಕನಿಗೆ ತೋರಿಸುವ ದಿನ ಶನಿವಾರ. ಶುಕ್ರವಾರ ಸಂಜೆ ಆರು ಗಂಟೆಗೆ ಆಕಾಶ ಅಡುಗೆಮನೆಯ ಪರದೆಯನ್ನು ಮೊದಲ ಸಲ ಜೋಡಿಸಿದ. ಕಾವಲು ತಡೆಯಿತು: ಪಟ್ಟಿಯಲ್ಲಿ ಖಾಲಿ ಮನೆ ಇದೆ. ಯಾವುದು ಅಂತ ನೋಡಿದರೆ ಗಣಪತಿಯದು. ಹೆಸರಿದೆ, ತಿಂಡಿ ಇಲ್ಲ. ಪಾಪ ಆಕಾಶ ನಿಯಮ ಪಾಲಿಸುವ ಹುಡುಗ. ಖಾಲಿ ತಟ್ಟೆ ಇಡಬಾರದಲ್ಲ? ‘ಕಾಫಿ, ಒಂದು’ ಅಂತ ತುಂಬಿಸಿದ. ಕಾವಲು ಬಾಗಿಲು ತೆರೆಯಿತು. ರುಚಿ ನೋಡಲಿಕ್ಕೆ ನನಗೆ ಕಳಿಸಿದ.

ಅವತ್ತು ರುಚಿ ನೋಡುವ ಸರದಿ ನನ್ನದು. ನನ್ನ ಟ್ರೈನು ಆರು ಹನ್ನೆರಡಕ್ಕೆ. ಅದು ತಪ್ಪಿದರೆ ಥಾಣೆಯಲ್ಲಿ ಡೊಂಬಿವಲಿ ಲೋಕಲ್ಲಿಗೆ ಕಾಲಿಡಲಿಕ್ಕೂ ಜಾಗ ಇರುವುದಿಲ್ಲ. ಹೆಗಲಿಗೆ ಬ್ಯಾಗ್ ಹಾಕಿಕೊಂಡು, ನಿಂತಲ್ಲಿಂದಲೇ, ಒಂದು ಸಾಲೂ ಓದದೆ ಒಪ್ಪಿಗೆ ಒತ್ತಿ ಓಡಿದೆ.

ಶನಿವಾರ ಬೆಳಿಗ್ಗೆ ಹತ್ತೂವರೆಗೆ ಥಾಣೆಯ ಹೋಟೆಲಿನಲ್ಲಿ ನಾವೆಲ್ಲ ಹಾಜರ್. ಮಾಮ ಹೊಸ ಅಂಗಿ ಹಾಕಿದ್ದರು. ಜಯಲತಕ್ಕ ಅರವತ್ತರ ಗಟ್ಟಿ ಹೆಂಗಸು, ಮೂಗುತಿ, ಕೈಯಲ್ಲಿ ಬೀಗದ ಕೈಗೊಂಚಲು. ಅಡುಗೆಮನೆಯ ಮುಖ್ಯಸ್ಥ ಬಾಲಪ್ಪ, ವಿಜಯಪುರದ ಕಡೆಯವ. ಅವನಿಗೆ ಅಕ್ಕ ಮೊದಲೇ ಹೇಳಿದ್ದರು, “ಇವತ್ತು ಪರದೆ ಏನು ಹೇಳ್ತದೋ ಅದನ್ನು ಮಾಡು. ನಿನ್ನ ಬುದ್ಧಿ ಓಡಿಸಬೇಡ.”

ರಂಜನ್ ಸರ್ ಗುಂಡಿ ಒತ್ತಿದರು. ಹೋಟೆಲಿನಲ್ಲಿ ಇಪ್ಪತ್ತೆರಡು ಟೇಬಲು. ಒಂದೊಂದು ಟೇಬಲಿಗೂ ಒಂದೊಂದು ಪಟ್ಟಿ, ಒಂದೊಂದು ಪಟ್ಟಿಗೂ ಒಬ್ಬ ಗಣಪತಿ. ನಮ್ಮ ಪರದೆಯಲ್ಲಿ ಮುಚ್ಚಿಟ್ಟ ಸಾಲನ್ನು ಅಡುಗೆಮನೆಯ ಪರದೆಯಲ್ಲಿ ಮುಚ್ಚಲು ಎಲ್ಲರೂ ಮರೆತಿದ್ದೆವು. ಟಿಣ್ ಟಿಣ್ ಟಿಣ್ ಅಂತ ಇಪ್ಪತ್ತೆರಡು ಸಲ ಗಂಟೆ ಹೊಡೆಯಿತು. ನಾವು ಹೊರಗೆ ನಿಂತು ಎಷ್ಟು ಚೆನ್ನಾಗಿ ಓಡುತ್ತಿದೆ ಅಂತ ಹಲ್ಲು ಕಿರಿಯುತ್ತಿದ್ದೆವು.

ಹತ್ತು ನಿಮಿಷಕ್ಕೆ ವೇಟರುಗಳು ಸಾಲಾಗಿ ಹೊರಗೆ ಬಂದರು. ಖಾಲಿ ಟೇಬಲು, ಮೇಲೊಂದು ಕಾಫಿ. ಪಕ್ಕದ ಖಾಲಿ ಟೇಬಲು, ಮೇಲೊಂದು ಕಾಫಿ. ಐದನೇ ಟೇಬಲಿನಲ್ಲಿ ಪೇಪರ್ ಓದುತ್ತಾ ಒಬ್ಬ ಹಿರಿಯರು ಕೂತಿದ್ದರು. “ಹೇ ಕೋಣಾಚೆ?” ಇದು ಯಾರದ್ದು ಅಂತ ಮರಾಠಿಯಲ್ಲಿ ಕೇಳಿದರು. ವೇಟರ್, “ಗಣಪತೀಚೆ,” ಅಂದ. ಅವರು ಖುಷಿಯಿಂದ ಎತ್ತಿ ಕುಡಿದರು. ಅವರ ಹೆಸರು ಗಣಪತರಾವ್ ಅಂತೆ. ತನ್ನ ಹೆಸರು ಆ್ಯಪಿಗೆ ಹೇಗೆ ಗೊತ್ತಾಯಿತು ಅಂತ ರಿತೇಶನ ಬೆನ್ನು ತಟ್ಟಿ ಹೊಗಳಿ ಹೋದರು. ಅವತ್ತು ನಮ್ಮ ಆ್ಯಪನ್ನು ಹೊಗಳಿದ್ದು ಅವರೊಬ್ಬರೇ.

ಬಾಲಪ್ಪ ಸೌಟು ಹಿಡಿದೇ ಹೊರಗೆ ಬಂದ. “ಅಕ್ಕಾರ, ಗಣಪ್ಪಗ ಇಪ್ಪತ್ತೆರಡು ಕಾಫಿ ಕೊಟ್ಟೇನ್ರಿ. ಈಗ ಮತ್ತ ಇಪ್ಪತ್ತೆರಡು ಬಂದಾವು. ಹಾಲು ತೀರಿತ್ರಿ. ಒಂದ್ ಮೋದಕಾನೂ ಕೇಳವಲ್ಲ, ಬರೇ ಕಾಫಿನ ಕೇಳ್ತಾನ ನೋಡ್ರಿ!” ರಂಜನ್ ಸರ್ ಗಾಬರಿಯಲ್ಲಿ ಪುಟವನ್ನು ಮತ್ತೊಮ್ಮೆ ತೆರೆದಿದ್ದರು.

ಜಯಲತಕ್ಕ ನಗಲಿಲ್ಲ. ಬೀಗದ ಕೈಗೊಂಚಲನ್ನು ಟೇಬಲಿನ ಮೇಲೆ ಕುಕ್ಕಿದರು. “ಮಧ್ಯಾಹ್ನದ ಊಟದ ಹೊತ್ತಿಗೆ ಹೀಗಾಗಿದ್ದರೆ ನನ್ನ ಗತಿ ಏನು? ಯಾರು ಮಾಡಿದ್ದು ಇದು? ಆ ಜನ ನನ್ನ ಕೆಲಸಕ್ಕೆ ಬೇಡ. ಅವರು ಇದ್ದರೆ ನಿಮ್ಮ ಆ್ಯಪೂ ಬೇಡ. ಹೇಳಿ.”

ಆಕಾಶನ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತು. ನಾನು ಏನು ಮಾಡಿದೆ ಗೊತ್ತುಂಟಾ? ಮುಂದಿದ್ದ ಕಾಫಿ ಎತ್ತಿ ಕುಡಿದೆ. ಬಾಯಿ ತುಂಬಿದ್ದರೆ ಮಾತಾಡಬೇಕಾಗಿಲ್ಲವಲ್ಲ.

ಮಾಮ ಎದ್ದು ನಿಂತರು. “ನಾನು, ಅಕ್ಕ. ಸೊನ್ನೆಯಲ್ಲಿ ಗಣಪತಿಯನ್ನು ಕೂರಿಸಿದ್ದು ನಾನು, ಖಾಲಿ ತಟ್ಟೆ ಇಡಬಾರದು ಅಂದದ್ದೂ ನಾನು. ಎರಡೂ ಒಂದಕ್ಕೊಂದು ಡಿಕ್ಕಿ ಹೊಡೆಯಬಹುದು ಅಂತ ನನಗೆ ಹೊಳೆಯಲಿಲ್ಲ. ಮಕ್ಕಳು ನಾನು ಹೇಳಿದ್ದನ್ನು ಮಾಡಿದರು, ಅಷ್ಟೇ.”

ಇಪ್ಪತ್ತಾರು ವರ್ಷ ಕೌಂಟರಿನಲ್ಲಿ ಕೂತ ಮನುಷ್ಯ. ಸಾಂಬಾರಿನಲ್ಲಿ ಕೂದಲು ಸಿಕ್ಕಿದರೂ ಬೈಸಿಕೊಳ್ಳುವುದು ಕೌಂಟರಿನವರು, ಒಳಗಿನವರತ್ತ ಕೈ ತೋರಿಸುವ ಪದ್ಧತಿ ಇಲ್ಲ. ಆದರೆ ಒಪ್ಪಿಗೆ ಒತ್ತಿದ್ದು ಯಾರು ಅಂತ ಅವರಿಗೆ ಗೊತ್ತಿತ್ತು. ನನ್ನ ಹೆಸರು, ಸಮಯ ಸಮೇತ, ಒಪ್ಪಿಗೆಯ ಪಕ್ಕದಲ್ಲೇ ದಾಖಲಾಗಿತ್ತು. ಆದರೂ ಮಾಮ ಒಂದು ಸಲವೂ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು. ನೋಡಲಿಲ್ಲವಲ್ಲ, ಅದಕ್ಕೇ ನಾಚಿಕೆಯಾಯಿತು, ಭೂಮಿ ಬಾಯಿಬಿಡಬಾರದೇ ಅನ್ನುವಷ್ಟು.

ಕಾಫಿ ನುಂಗಿದೆ. “ಅಕ್ಕ, ಮಾಮನದ್ದಲ್ಲ, ನನ್ನ ತಪ್ಪು. ಹೊರಗೆ ಬಿಡುವ ಮೊದಲು ಓದಬೇಕಾದವಳು ನಾನು. ಟ್ರೈನು ತಪ್ಪುತ್ತದೆ ಅಂತ ಓದದೇ ಸೈ ಅಂದೆ. ಬೇಡದವರು ಅಂತ ಇದ್ದರೆ ಅದು ನಾನು.”

“ನೀನು ಸುಮ್ಮನಿರು ಮಾನಸಿ,” ಮಾಮ ಗದರಿದರು.

“ನೀವು ಸುಮ್ಮನಿರಿ ಮಾಮ!”

ಅಷ್ಟರಲ್ಲಿ ಆಕಾಶ ಮರಾಠಿಯಲ್ಲಿ, ಕಾಫಿ ತುಂಬಿಸಿದ್ದು ನಾನು, ಇವರಿಬ್ಬರೂ ಯಾಕೆ ನನ್ನ ತಪ್ಪನ್ನು ಕಿತ್ತುಕೊಳ್ಳುತ್ತಿದ್ದಾರೆ ಅಂತ ಶುರುಮಾಡಿದ. ರಿತೇಶ್, ಕಾವಲು ಹಾಕಿದ್ದು ನಾನೇ ಅಂತ ಹಿಂದಿಯಲ್ಲಿ. ಹಿಂದಿನ ಕಾಲದಲ್ಲಿ ಎರಡು ಸ್ಪೇಸಿಗಾಗಿ ಕಿತ್ತಾಡಿದ ಹಾಗೆ ನಾಲ್ಕು ಜನ ಒಂದು ತಪ್ಪಿಗಾಗಿ ಕಿತ್ತಾಡಿದೆವು. ರಂಜನ್ ಸರ್ ತಲೆ ಮೇಲೆ ಕೈ ಇಟ್ಟುಕೊಂಡು ಕೂತರು.

ಜಯಲತಕ್ಕ ನಮ್ಮನ್ನೇ ನೋಡುತ್ತಿದ್ದವರು ಬಾಲಪ್ಪನ ಕಡೆ ತಿರುಗಿದರು. “ನೋಡಿದೆಯಾ? ನಮ್ಮಲ್ಲಿ ಒಂದು ಗ್ಲಾಸ್ ಒಡೆದರೆ ಹನ್ನೊಂದು ಜನ ‘ನಾನಲ್ಲ, ನಾನಲ್ಲ’ ಅಂತೀರಿ. ಕೊನೆಗೆ ಬೆಕ್ಕು ಒಡೆದದ್ದು ಅಂತ ಆಗ್ತದೆ. ನಮ್ಮಲ್ಲಿ ಬೆಕ್ಕೇ ಇಲ್ಲ!” ಆಮೇಲೆ ಮಾಮನಿಗೆ ಹೇಳಿದರು, “ಭಟ್ರೇ, ಸೋಮವಾರದ ಒಳಗೆ ಸರಿ ಆಗಬೇಕು. ನೀವು ಕಣ್ಣಾರೆ ನೋಡಿ ಸರಿ ಉಂಟು ಅಂತ ಹೇಳಿದರೆ ಮಾತ್ರ ನಾನು ತಕ್ಕೊಳ್ಳುವುದು, ಬೇರೆ ಯಾರ ಮಾತೂ ಬೇಡ. ಈಗ ಈ ಕಾಫಿಯೆಲ್ಲ ಕುಡಿದು ಹೋಗಿ. ಚೆಲ್ಲಿದರೆ ಜಾಗ್ರತೆ!”

ಐದು ಜನ, ಇಪ್ಪತ್ತು ಕಾಫಿ. ತಲಾ ನಾಲ್ಕು ಕುಡಿದೆವು. ಹೊರಗೆ ಬಂದ ಮೇಲೆ ರಂಜನ್ ಸರ್, “ಭಟ್ರೇ, ನಿಮ್ಮನ್ನು ಬಿಟ್ಟರೆ ಆರ್ಡರೇ ಇಲ್ಲ ಅಂತಾಯಿತಲ್ಲ, ಪರ್ಮನೆಂಟ್ ಮಾಡದೆ ನಾನೆಲ್ಲಿಗೆ ಹೋಗಲಿ?” ಅಂದರು. ಮಾಮ ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದರು. ಆಮೇಲೆ ಮೊಬೈಲ್ ತೆಗೆದು ಮನೆಗೆ ಫೋನ್ ಮಾಡಿದರು.

ಅಡುಗೆಮನೆಯ ಪರದೆಯ ಭಾಗವನ್ನು ಪೂರ್ತಿ ಹೊಸದಾಗಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು, ರುಚಿ ನೋಡುವುದು ಮಾಮನ ಪಾಲಿಗೆ. ನಾನು ರಾತ್ರಿಯೆಲ್ಲ ಕೂತು ಬರೆದೆ. ಭಾನುವಾರ ಬೆಳಿಗ್ಗೆ ಮಾಮ ಆಫೀಸಿಗೆ ಬಂದು ಕನ್ನಡಕ ಹಾಕಿ, ಪರದೆಯ ಮೇಲೆ ಸಾಲಿನ ಕೆಳಗೆ ಬೆರಳಿಟ್ಟು, ಮಗ್ಗಿ ಓದುವ ಹಾಗೆ ತುಟಿ ಆಡಿಸುತ್ತಾ ಶುರುಮಾಡಿದರು. ಅರ್ಥವಾಗದಿದ್ದಲ್ಲಿ ನಿಲ್ಲುತ್ತಿದ್ದರು. “ಇದು ಎಂಥದಕ್ಕೆ?” “ಇದನ್ನು ಇಲ್ಲಿ ಯಾಕೆ ಇಟ್ಟೆ?” ಮುನ್ನೂರ ನಲವತ್ತು ಸಾಲು, ಮೂರು ಗಂಟೆ. ಇನ್ನೂರ ಹನ್ನೆರಡನೇ ಸಾಲಿನಲ್ಲಿ ಬೆರಳು ನಿಂತಿತು. ಅದು ಎಂಥದಕ್ಕೆ ಅಂತ ನನಗೂ ಗೊತ್ತಿರಲಿಲ್ಲ. ಯಾವುದೋ ಹಳೆಯ ಕೆಲಸದಿಂದ ಎತ್ತಿ ತಂದು, ಎಲ್ಲ ಕಡೆ ಅಂಟಿಸುತ್ತಾ ಬಂದ ಸಾಲು. “ಗೊತ್ತಿಲ್ಲ ಮಾಮ,” ಅಂದೆ. “ಹಾಗಾದರೆ ತೆಗಿ,” ಅಂದರು. ತೆಗೆದೆ. ಏನೂ ಆಗಲಿಲ್ಲ. ಬೆರಳು ಇನ್ನೂರ ಹದಿಮೂರಕ್ಕೆ ಇಳಿಯಿತು.

ಹನ್ನೊಂದು ವರ್ಷದಲ್ಲಿ ನನ್ನ ಕೆಲಸಕ್ಕೆ ಎಷ್ಟು ಜನ ಒಪ್ಪಿಗೆ ಒತ್ತಿದ್ದಾರೋ ಲೆಕ್ಕ ಇಟ್ಟವರಿಲ್ಲ. ಎಲ್ಲರಿಗೂ ಒಂದೊಂದು ಟ್ರೈನು ಇತ್ತು. ನಾನು ಬರೆದದ್ದನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಒಬ್ಬರು ಓದಿದ್ದು ಅದೇ ಮೊದಲು. ಮಾಮ ಮುಗಿಸಿ ಕನ್ನಡಕ ತೆಗೆದು, “ಚೆನ್ನಾಗಿ ಬರೀತೀಯಲ್ಲ ಮಾನಸಿ,” ಅಂದರು. ನನಗೆ ಅಳು ಬಂದುಬಿಟ್ಟಿತು.